ಬಲಗೈಯ ಪ್ಲಾಸ್ಟರ್ ತೆಗೆಯದಿರುವಂತೆ ಕೋರಿ

ಇಂದ:
ಮೂರನೇ ಮಹಡಿಯ ಹಿರಿಯ ಸಾಫ್ಟ್‌ವೇರ್ ಇಂಜಿನಿಯರ್
(ಬಲ ಮಣಿಕಟ್ಟು ಮುರಿದವಳು)

ಗೆ:
ಮೂಳೆ ಡಾಕ್ಟರವರಿಗೆ

ವಿಷಯ: ನಾಳೆ ತೆಗೆಯಲಿರುವ ಪ್ಲಾಸ್ಟರನ್ನು ಇನ್ನೂ ಮೂರು ವಾರ ಹಾಗೇ ಬಿಡುವ ಬಗ್ಗೆ.

ಉಲ್ಲೇಖ: "ಮೂಳೆ ಚೆನ್ನಾಗಿ ಕೂಡಿದೆ, ಖುಷಿಪಡಿ" ಎಂದು ತಾವು ಸೋಮವಾರ ಹೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಖುಷಿಪಟ್ಟಿಲ್ಲ. ಕಾರಣಗಳು ಹೀಗಿವೆ:

೧. ಐದು ತಿಂಗಳ ಹಿಂದೆ ಅರ್ಜಿದಾರಳ ತಂಡಕ್ಕೆ ಹೊಸಬರೊಬ್ಬರು ಸೇರಿದರು. ವಯಸ್ಸು ನಲವತ್ನಾಲ್ಕು. ಹದಿನೆಂಟು ವರ್ಷ ಗಣಿತ ಕಲಿಸಿ, ಶಾಲೆ ಮುಚ್ಚಿದ ಕಾರಣ ಪ್ರೋಗ್ರಾಮಿಂಗ್ ಕಲಿತು ಬಂದವರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಅವರ ಕೋಡ್ ಓದಿ, ತಪ್ಪು ತೋರಿಸಿ, ತಿದ್ದಿಸುವ ಹೊಣೆ ಅರ್ಜಿದಾರಳ ಹೆಗಲಿಗೆ ಬಿತ್ತು.

೨. ಹನ್ನೊಂದು ಸಾಲಿನ ಕೋಡಿಗೆ ಅರ್ಜಿದಾರಳು ಮೂವತ್ತೆಂಟು ಟಿಪ್ಪಣಿ ಬರೆದಳು. ಮೇಷ್ಟ್ರು ಮೂವತ್ತೆಂಟಕ್ಕೂ "ಸರಿ ಮೇಡಂ" ಎಂದರು. ಮರುದಿನ ಅದೇ ತಪ್ಪು. ಆದ್ದರಿಂದ "ಸ್ವಲ್ಪ ಜರುಗಿ" ಎಂದು ಕೀಬೋರ್ಡ್ ಎಳೆದುಕೊಂಡು ಅವಳೇ ಬರೆದು ಮುಗಿಸತೊಡಗಿದಳು. ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ಕೂರತೊಡಗಿದರು.

೩. "ಇವರ ಕೈಲಿ ಆಗಲ್ಲ ಅಂತ ಒಂದು ಸಾಲು ಬರೆದುಕೊಡು, ಕಳಿಸಿಬಿಡೋಣ" ಎಂದರು ಮ್ಯಾನೇಜರ್. ಅರ್ಜಿದಾರಳು ಒಪ್ಪಿದಳು. ಬರೆಯಲು ಹೊರಟವಳು ಮೆಟ್ಟಿಲಲ್ಲಿ ಜಾರಿದಳು. ಮುಂದಿನದು ತಮಗೆ ಗೊತ್ತಿದೆ.

೪. ಕೈ ಕೆಲಸಕ್ಕೆ ಬಾರದ ಕಾರಣ ಅರ್ಜಿದಾರಳು ಬಾಯಲ್ಲಿ ಹೇಳುತ್ತಾ ಹೋದಳು, ಮೇಷ್ಟ್ರು ಟೈಪ್ ಮಾಡಿದರು. ಮೂರನೇ ದಿನ ನಿಲ್ಲಿಸಿ ಕೇಳಿದರು: "ಮೇಡಂ, ಈ ಸಾಲು ಯಾಕೆ?"

"ಇಷ್ಟು ದಿನ ಯಾಕೆ ಏನೂ ಕೇಳಲಿಲ್ಲ ನೀವು?"

"ಕೇಳೋಷ್ಟರಲ್ಲಿ ನೀವೇ ಬರೆದು ಮುಗಿಸಿರ್ತಿದ್ರಿ."

ಅರ್ಜಿದಾರಳು ನಾಚಿಕೆಯಿಂದ ಮುಖ ಮುಚ್ಚಿಕೊಳ್ಳೋಣವೆಂದರೆ ಇದ್ದದ್ದು ಒಂದೇ ಕೈ.

"ಬಿಡಿ ಮೇಡಂ," ಮೇಷ್ಟ್ರು ಸಮಾಧಾನ ಹೇಳಿದರು, "ನಾನೂ ಮಕ್ಕಳ ಲೆಕ್ಕ ಹೀಗೇ ಬಿಡಿಸಿಕೊಡ್ತಿದ್ದೆ. ಎಲ್ಲಾ ಫೇಲಾದ್ವು."

೫. ಆ ಸಾಲು ಯಾಕೆಂದು ಅರ್ಜಿದಾರಳಿಗೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಎಲ್ಲ ಕಡೆ ಸುಮ್ಮನೆ ಅಂಟಿಸುತ್ತಿದ್ದಳು. ಇಬ್ಬರೂ ಅರ್ಧ ದಿನ ತಲೆ ಕೆಡಿಸಿಕೊಂಡು ಅದನ್ನು ತೆಗೆದರು. ದಿನಾ ಮಧ್ಯಾಹ್ನ ಕೈಕೊಡುತ್ತಿದ್ದ ಪ್ರೋಗ್ರಾಂ ತಣ್ಣಗೆ ಓಡತೊಡಗಿತು.

೬. ನಿನ್ನೆ ಮೇಷ್ಟ್ರು ಒಂದು ಕೆಲಸವನ್ನು ಪೂರ್ತಿ ತಾವೇ ಮಾಡಿದರು. ಎರಡು ತಪ್ಪಿದ್ದವು. ಅರ್ಜಿದಾರಳ ಬೆರಳುಗಳು ಪ್ಲಾಸ್ಟರಿನ ತುದಿಯಲ್ಲಿ ಕುಣಿದವು, ಆದರೆ ಕೀಬೋರ್ಡ್ ಎಟುಕಲಿಲ್ಲ. ಅಷ್ಟರಲ್ಲಿ ಒಂದು ತಪ್ಪನ್ನು ಮೇಷ್ಟ್ರೇ ಹಿಡಿದರು.

೭. ಅವರ ವಿರುದ್ಧ ಬರೆದುಕೊಡುವುದಿಲ್ಲವೆಂದು ಮ್ಯಾನೇಜರಿಗೆ ಹೇಳಿಯಾಗಿದೆ. "ಮೂರು ವಾರ ನೋಡ್ತೀನಿ" ಎಂದಿದ್ದಾರೆ. ಅರ್ಜಿದಾರಳಿಗೆ ಮೇಷ್ಟ್ರ ಮೇಲೆ ನಂಬಿಕೆಯಿದೆ. ತನ್ನ ಬಲಗೈ ಮೇಲಿಲ್ಲ.

ಆದ್ದರಿಂದ ಮೂಳೆ ಕೂಡಿದ ಸಂಗತಿಯನ್ನು ತಾವು ಸದ್ಯಕ್ಕೆ ಗಮನಿಸಬಾರದೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ,
(ಎಡಗೈ ಸಹಿ)

ಲಗತ್ತು: ಎಕ್ಸ್‌ರೇ ೧, ತೆಗೆದುಹಾಕಿದ ಸಾಲು ೧.

ವಿ.ಸೂ.: ಪ್ಲಾಸ್ಟರಿನೊಳಗೆ ವಿಪರೀತ ಕಡಿತ. ಕೆರೆದುಕೊಳ್ಳಲು ಉದ್ದನೆಯ ಕಡ್ಡಿಯೊಂದನ್ನು ಮಂಜೂರು ಮಾಡಬೇಕಾಗಿ ಕೋರಿಕೆ.