ಜೀರಿಗೆ ಪೊಟ್ಟಣದ ಅರುವತ್ತಮೂರನೇ ಪುಟ

ಶಾರದಾ, ರಘು, ಸಣ್ಣ ಉಷಾ,

ನಿಮ್ಮ ಅಜ್ಜ ಬುದ್ಧಿವಂತರಾದದ್ದು ಶಾಲೆಯಲ್ಲಿ ಅಲ್ಲ, ಗುರುಗಳ ಹತ್ತಿರವೂ ಅಲ್ಲ. ಸಾಸಿವೆ, ಜೀರಿಗೆ, ಮೆಂತೆಯಿಂದ! ನಗಬೇಡಿ. ಗೋಡೆಯ ಪಟದಲ್ಲಿ ಕೋಟು ಹಾಕಿಕೊಂಡು, ಎವೆಯಿಕ್ಕದೆ ನಿಮ್ಮನ್ನೇ ನೋಡುತ್ತಿರುವ ಅವರನ್ನು ಕಂಡು 'ಅಜ್ಜ ಭಾರಿ ಗಂಭೀರ' ಎಂದು ನೀವು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಆ ನೋಟ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಮೆಂತೆ ಕಟ್ಟಿಕೊಟ್ಟ ಕಾಗದದಿಂದ ಬಂದದ್ದು. ಹೇಗೆ ಎಂದು ಹೇಳುತ್ತೇನೆ. ಅವರ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಮ್ಮೆಯೂ ಬಾಯಲ್ಲಿ ಬಾರದ್ದು ಈ ವಯಸ್ಸಿನಲ್ಲಿ ಕೈಯಲ್ಲಿ ಬಂದೀತೆ?

ಆಗ ದೊಡ್ಡ ಯುದ್ಧದ ಕಾಲ. ನನಗೆ ಮದುವೆಯಾಗಿ ಎರಡು ವರ್ಷ. ಕುಂಭಾಶಿಯ ಮನೆಯಲ್ಲಿ ಅತ್ತೆ, ಅವರು, ನಾನು, ಮೂರೇ ಜನ. ಅವರು ಬ್ರಹ್ಮಾವರದ ಹತ್ತಿರ ಹೊಳೆಯ ಕಡವಿನಲ್ಲಿ ಬಸ್ಸಿನ ಟಿಕೇಟು ಬರೆಯುತ್ತಿದ್ದರು. ಹೊಳೆಗೆ ಸೇತುವೆ ಇರಲಿಲ್ಲ. ಬಸ್ಸು ಈಚೆ ದಡದಲ್ಲಿ ಜನರನ್ನು ಇಳಿಸುತ್ತಿತ್ತು; ಜನ ದೋಣಿಯಲ್ಲಿ ದಾಟಿ ಆಚೆ ದಡದ ಬಸ್ಸು ಹತ್ತಬೇಕು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. 'ಓಡುತ್ತಿದ್ದವು' ಎಂದು ಮರ್ಯಾದೆಗೆ ಹೇಳಿದೆ, ಅಷ್ಟೆ. ಅವರದು ಬದಲಿ ಕೆಲಸ. ಇವತ್ತು ಇತ್ತು, ನಾಳೆ ಇಲ್ಲ. ಖಾಯಂ ಕೆಲಸ ಸಿಗದಿದ್ದರೆ ಮುಂಬಯಿಗೆ ಹೋಗಿ ಹೋಟೆಲು ಸೇರುವುದೆಂದು ತೀರ್ಮಾನವಾಗಿತ್ತು. ನಮ್ಮೂರಿನಿಂದ ಹಾಗೆ ಹೋದವರು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಕೆಲವರು ಅದೂ ಇಲ್ಲ. ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿ ಆರು ತಿಂಗಳು.

ಕಾಗದಕ್ಕೂ ಬರ. ರಸ್ತೆ ಬದಿಯ ಜೀನಸಿನ ಅಂಗಡಿಯ ಪೈಮಾಮ ಪೊಟ್ಟಣ ಕಟ್ಟಲು ಕುಂದಾಪುರದಿಂದ ಒಂದು ಪೆಟ್ಟಿಗೆ ಹಳೆ ಪುಸ್ತಕ ತಂದಿದ್ದರು. ಅದರಲ್ಲಿ ಒಂದು, ಮನುಷ್ಯ ತನ್ನನ್ನು ತಾನು ತಿದ್ದಿಕೊಂಡು ಮೇಲೆ ಬರುವುದು ಹೇಗೆ ಎಂಬ ಪುಸ್ತಕ. ಹೆಸರು ಗೊತ್ತಿಲ್ಲ. ರಟ್ಟು ಮೊದಲೇ ಹೋಗಿತ್ತು. ಬರೆದವರು ಯಾರೋ, ಪುಣ್ಯಾತ್ಮರು! ನಮ್ಮ ಮನೆಗೆ ಅದರ ಮೊದಲ ಹಾಳೆ ಬಂದದ್ದು ಸಾಸಿವೆಯ ಜೊತೆಗೆ.

'ಪ್ರಾತಃಕಾಲದಲ್ಲಿ ದರ್ಪಣದ ಮುಂದೆ ನಿಂತು, ನಾನು ಸಮರ್ಥ, ನಾನು ಸಮರ್ಥ ಎಂದು ಗಟ್ಟಿಯಾಗಿ ಹತ್ತು ಬಾರಿ ಉಚ್ಚರಿಸತಕ್ಕದ್ದು' ಎಂದು ಅದರಲ್ಲಿತ್ತು. ನಮ್ಮಲ್ಲಿದ್ದ ದರ್ಪಣ ಅಂಗೈಯಗಲದ್ದು. ಬಚ್ಚಲಿನ ಗೋಡೆಗೆ ಸಿಕ್ಕಿಸಿತ್ತು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕೂಗು ಶುರುವಾಯಿತು. ಅತ್ತೆಗೆ ಕಿವಿ ಸ್ವಲ್ಪ ಮಂದ.

"ಹೆಣೆ, ಬಚ್ಲಂಗೆ ಯಾರ್ ಸಮರ್ಥ? ನೆಂಟ್ರ್ ಬಂದಿರಾ?"

ನಾನು ಏನಾದರೂ ಹೇಳುವ ಮೊದಲೇ ಅತ್ತೆ ಗಂಜಿಯ ಪಾತ್ರೆಗೆ ಇನ್ನೊಂದು ಹಿಡಿ ಅಕ್ಕಿ ಹಾಕಿಯಾಗಿತ್ತು. ಅಕ್ಕಿಯನ್ನು ಕಾಳುಕಾಳಾಗಿ ನೋಡುತ್ತಿದ್ದ ಆ ದಿನಗಳಲ್ಲಿ! ಆ ಪುಸ್ತಕದಿಂದ ನಮ್ಮ ಮನೆಗೆ ಆದ ಮೊದಲ ಅಭಿವೃದ್ಧಿ ಅದು.

ಅಲ್ಲಿಂದ ನಿಮ್ಮ ಅಜ್ಜನಿಗೆ ಹುಚ್ಚು ಹಿಡಿಯಿತು. ಪುಸ್ತಕವನ್ನೇ ಇಡಿಯಾಗಿ ಕೊಡಿ ಎಂದು ಕೇಳಿದರೆ ಪೈಮಾಮ ಕೊಡಲಿಲ್ಲ. "ನಾ ಎಂತದ್ರಂಗೆ ಕಟ್ಟುದ್? ನನ್ನ್ ಪಂಚೆಯಂಗಾ?" ಎಂದರಂತೆ. ಸರಿ, ಉಳಿದದ್ದು ಒಂದೇ ದಾರಿ. ಉಪ್ಪು, ಬೆಲ್ಲ ಬಾಳೆಲೆಯಲ್ಲಿ ಬರುತ್ತಿತ್ತು. ಅದರಿಂದ ಜ್ಞಾನ ಇಲ್ಲ. ಕಾಗದದಲ್ಲಿ ಬರುವುದು ಜೀರಿಗೆ, ಸಾಸಿವೆ, ಮೆಂತೆ. ಮೆಂತೆ ಅಗ್ಗ. ಹಾಗಾಗಿ ಒಂದೇ ಮೆಂತೆಯನ್ನು ನಾಲ್ಕು ಪೊಟ್ಟಣ ಮಾಡಿಸಿ ತರುತ್ತಿದ್ದರು. ಒಂದು ತಿಂಗಳು ನಮ್ಮ ಮನೆಯಲ್ಲಿ ಮೆಂತೆ ಬೀಳದ ಪದಾರ್ಥವಿಲ್ಲ.

"ಮಗಾ, ನೀ ಉಷಾರ್ ಆಪುದ್ರೊಳ್ಗೆ ನನ್ನ್ ನಾಲ್ಗಿ ಸತ್ತ್ ಹೋತ್ತ್" ಎಂದರು ಅತ್ತೆ.

ಹಾಳೆಗಳು ಕ್ರಮವಾಗಿ ಬರುತ್ತಿದ್ದವೇ? ಎಲ್ಲಿಂದ! ನೂರ ಹನ್ನೆರಡನೇ ಪುಟ ಹತ್ತನೇ ಪುಟಕ್ಕಿಂತ ಮೊದಲು ಬಂತು. 'ಮೇಲ್ಕಂಡ ಏಳು ಸಾಧನೆಗಳನ್ನು ಪೂರೈಸಿದವನು ಎರಡು ದಿನ ನಿಶ್ಚಿಂತೆಯಿಂದ ವಿಶ್ರಮಿಸಲಿ' ಎಂದಿತ್ತು. ಅವರು ರಜೆ ಹಾಕಿ ಜಗಲಿಯಲ್ಲಿ ಎರಡು ದಿನ ಮಲಗಿದರು!

"ಆ ಏಳ್ ಸಾಧನೆ?" ಎಂದು ಕೇಳಿದೆ.

"ಅದ್ ಇನ್ನೂ ಪೈಮಾಮನ್ ಅಂಗ್ಡಿಯಲ್ಲೇ ಇತ್ತ್. ಕೈಗೆ ಸಿಕ್ಕದ್ದನ್ನ್ ಮೊದ್ಲ್ ಮಾಡಿ ಮುಗ್ಸುದ್."

ಇನ್ನೊಂದು ಹಾಳೆ ಹೇಳಿದ್ದು: ಎದುರಿಗಿರುವವರ ಕಣ್ಣಿನಲ್ಲಿ ಕಣ್ಣಿಟ್ಟು, ಎವೆಯಿಕ್ಕದೆ ಮಾತನಾಡಬೇಕು. ಪ್ರಯೋಗ ಕಡವಿನಲ್ಲೇ ನಡೆಯಿತು. ದೋಣಿಯಿಂದ ಇಳಿದ ಮೀನಿನ ಹೆಂಗಸು ಟಿಕೇಟು ಕೇಳಿದಾಗ ಇವರು ಬರೆಯುವುದನ್ನು ಬಿಟ್ಟು ಆಕೆಯನ್ನೇ ನೆಟ್ಟ ನೋಟದಲ್ಲಿ ನೋಡುತ್ತ ನಿಂತರು.

"ಹ್ವಾಯ್ ಟಿಕೇಟಿನವ್ರೆ! ಎಂತ ಕಾಂತ್ರಿ ಹಾಂಗೆ? ಮೀನ್ ಬೇಕಾರೆ ಬುಟ್ಟಿ ಕಾಣಿ. ನನ್ನ್ ಮುಖದಂಗೆ ಬಂಗ್ಡೆ ಇತ್ತಾ?"

ಇಡೀ ಬಸ್ಸು ನಕ್ಕಿತಂತೆ. ಅವರೇ ಬಂದು ಹೇಳಿದರು. ಹೇಳಿ, "ಅಭ್ಯಾಸ ಇನ್ನೂ ಸಾಲ್ದ್" ಎಂದರು. ನನ್ನ ಮೇಲೂ ಅಭ್ಯಾಸ ಮಾಡಲು ನೋಡಿದರು. ನಾನು ತಲೆಯೆತ್ತಿದರೆ ತಾನೇ!

ಆದರೆ ಒಂದು ಮಾತು ಒಪ್ಪಬೇಕು. 'ಯೋಗ್ಯನಾದವನನ್ನು ಅವಕಾಶವು ತಾನಾಗಿಯೇ ಅರಸಿಕೊಂಡು ಬರುವುದು' ಎಂದು ಒಂದು ಹಾಳೆಯಲ್ಲಿತ್ತು. ಅದು ಬಂದೇ ಬಂತು. ಬೈಂದೂರಿನಲ್ಲಿದ್ದ ಬಸ್ಸಿನ ಏಜೆಂಟರು ಕೆಲಸ ಬಿಟ್ಟರು. ಖಾಯಂ ಕೆಲಸ, ಇರಲು ಒಂದು ಕೋಣೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಕುಂದಾಪುರದ ಮನೆಗೆ ಬಂದು ಕಾಣಬೇಕೆಂದು ಬಸ್ಸಿನ ಧಣಿಗಳು ಡ್ರೈವರನ ಹತ್ತಿರ ಹೇಳಿ ಕಳಿಸಿದರು. ಇನ್ನೂ ಐದಾರು ಜನರನ್ನು ಕರೆದಿದ್ದರು.

ಮಂಗಳವಾರ ಜೀರಿಗೆಯ ಜೊತೆಗೆ ಅರುವತ್ತೆರಡನೇ ಪುಟ ಬಂತು. ಅವರು ಎಂದಿನಂತೆ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದರು. ನಾನು ಒಳಗಿನಿಂದ ಕೇಳುತ್ತಿದ್ದೆ. 'ಉದ್ಯೋಗವನ್ನು ಬಯಸಿ ಯಜಮಾನನ ಎದುರಿಗೆ ಹೋಗುವವನು ಎಂದಿಗೂ ಮರೆಯಬಾರದ ಒಂದೇ ಒಂದು ವಿಷಯವೆಂದರೆ...'

ಅಷ್ಟೆ. ಪುಟ ಮುಗಿಯಿತು.

"ಹ್ವಾಯ್! ಇದ್ರ್ ಮುಂದಿನ್ ಹಾಳಿ ಎಲ್ಲಿತ್ತ್?"

ಒಗ್ಗರಣೆ ಡಬ್ಬಿ, ಒಲೆಯ ಮೂಲೆ, ಅತ್ತೆಯ ಎಲೆಯಡಿಕೆಯ ಚೀಲ, ಎಲ್ಲ ಹುಡುಕಿದ್ದಾಯಿತು. ಇಲ್ಲ.

"ನಾ ಗುರುವಾರ ಹೋತಿಲ್ಲೆ" ಎಂದರು.

"ಎಂತ?"

"ಎಂದಿಗೂ ಮರೆಯಬಾರದ್ದ್ ಅಂದೇಳಿ ಬರ್ದಿತ್ತಲೆ! ಅದ್ ಎಂತದ್ದ್ ಅಂದೇಳಿ ಗೊತ್ತಿಲ್ದೆ ಧಣಿ ಎದ್ರ್ ಹೋಯಿ ನಿಲ್ಲುದಾ? ಮರೆಯುಕಾರೂ ಮೊದ್ಲ್ ಗೊತ್ತಿರ್ಕ್, ಅಲ್ದಾ?"

ಅತ್ತೆ ಒಳಗಿನಿಂದ, "ಪುಸ್ತಕ ಓದಿ ಉಷಾರ್ ಆದವ್ರನ್ನ್ ಕಂಡಿದೆ. ಪೊಟ್ಳಿ ಓದಿ ಮಳ್ಳ್ ಆದವ್ನನ್ನ್ ಇವತ್ತೇ ಕಂಡದ್ದ್" ಎಂದರು. ಮಗ ಅಲುಗಲಿಲ್ಲ. ಅಲುಗಬಾರದೆಂದೂ ಯಾವುದೋ ಹಾಳೆಯಲ್ಲಿ ಇತ್ತು.

ಬುಧವಾರ ಅವರು ಕಡವಿಗೆ ಹೋದ ಮೇಲೆ ನಾನೇ ಅಂಗಡಿಗೆ ಹೊರಟೆ. ಒಬ್ಬಳೇ ಅಂಗಡಿಗೆ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಏನು ಕೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡು ಹೋದೆ. ಅಂಗಡಿಯ ಮುಂದೆ ನಾಲ್ಕು ಗಂಡಸರನ್ನು ಕಂಡದ್ದೇ ಎಲ್ಲ ಮರೆತುಹೋಯಿತು.

"ಜೀರ್ಗಿ" ಎಂದೆ.

"ಎಷ್ಟ್ ತಂಗಿ?"

"ಅರವತ್ಮೂರ್" ಎಂದುಬಿಟ್ಟೆ!

"ಅರವತ್ಮೂರ್ ಸೇರಾ? ಮನೆಯಂಗೆ ಎಂತ ಮದ್ವಿಯಾ?"

ನಾಲ್ವರೂ ನಕ್ಕರು. ಭೂಮಿ ಬಾಯಿ ಬಿಡಲಿಲ್ಲ. ಕೊನೆಗೆ ಹೇಗೋ ವಿಷಯ ಹೇಳಿದೆ. ಪೈಮಾಮ ನಗು ನಿಲ್ಲಿಸಿ ಖಾಲಿ ಪೆಟ್ಟಿಗೆ ತೋರಿಸಿದರು. "ಆ ಪುಸ್ತಕ ಮುಗಿತ್ ತಂಗಿ. ಕಡೆ ಹಾಳಿಯಂಗೆ ಕೊಲ್ಲೂರ್ ಛತ್ರದ ಅಡ್ಗಿ ಭಟ್ರಿಗೆ ಜೀರ್ಗಿ ಕಟ್ಟಿ ಕೊಟ್ಟೆ. ಅವ್ರ್ ಗಾಡಿ ಈಗ ವಂಡ್ಸೆ ದಾಟಿರ್ತ್."

ಮನೆಗೆ ಬಂದು ಕುಳಿತೆ. ಯೋಗ್ಯನಾದವನನ್ನು ಅರಸಿಕೊಂಡು ಬಂದ ಅವಕಾಶ ಜೀರಿಗೆಯ ಜೊತೆ ಗಾಡಿ ಹತ್ತಿ ಹೋಗಿತ್ತು! ಇನ್ನು ಮುಂಬಯಿಯೇ. ಆಮೇಲೆ ಎದ್ದು ನನ್ನ ತವರಿನ ಟ್ರಂಕು ತೆಗೆದೆ. ನಾಲ್ಕನೇ ಕ್ಲಾಸಿನ ಕಾಪಿ ಪುಸ್ತಕ ಅದರಲ್ಲಿತ್ತು. ಕೊನೆಯಲ್ಲಿ ಒಂದೇ ಒಂದು ಖಾಲಿ ಹಾಳೆ. ಮೇಲೆ ೬೩ ಎಂದು ಹಾಕಿದೆ. ಆ ಪುಸ್ತಕದ ಭಾಷೆ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಹೀಗೆ ಬರೆದೆ:

'...ಹೊಟ್ಟೆ ತುಂಬ ಉಂಡು ಹೋಗತಕ್ಕದ್ದು. ಹಸಿದವನ ಮಾತಿನಲ್ಲಿ ಬೇಡುವ ದನಿಯಿರುವುದು. ಉಂಡವನ ಮಾತಿನಲ್ಲಿ ಇರುವುದಿಲ್ಲ. ಆದ ಕಾರಣ ಸಾಧಕನು ಅಂದು ಪ್ರಾತಃಕಾಲ ಮೂರು ಬಟ್ಟಲು ಗಂಜಿಯನ್ನು ಒಣ ಸಿಗಡಿ ಚಟ್ನಿಯೊಂದಿಗೆ ಸೇವಿಸತಕ್ಕದ್ದು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳತಕ್ಕದ್ದು. ಕೂರಿಸಿದಲ್ಲಿ ಕೂರತಕ್ಕದ್ದು.'

ಇದನ್ನೇ ಯಾಕೆ ಬರೆದೆ? ಅವರು ದೊಡ್ಡ ಕೆಲಸಕ್ಕೆ ಹೊರಟಾಗಲೆಲ್ಲ ಗಡಿಬಿಡಿಯಲ್ಲಿ ಉಣ್ಣದೆ ಹೋಗುತ್ತಿದ್ದರು. ಹಸಿವಾದರೆ ಸಿಟ್ಟು, ಸಿಟ್ಟು ಬಂದರೆ ಭಾಷಣ. ನನಗೆ ಗೊತ್ತಿದ್ದದ್ದು ಅಷ್ಟೆ.

ಸಂಜೆ ಅವರ ಕೈಗೆ ಕೊಟ್ಟೆ. ಆಚೆಮನೆಯ ದ್ಯಾವಕ್ಕನಲ್ಲಿಗೆ ಆ ಹಾಳೆ ಹೋಗಿತ್ತು, ಅರಿಶಿನ ಕಟ್ಟಿಡಲು ಬೇಕೆಂದು ದ್ಯಾವಕ್ಕ ಕೊಡಲಿಲ್ಲ, ಅಲ್ಲೇ ಕುಳಿತು ನೋಡಿ ಬರೆದೆ ಎಂದೆ. ಜೀವಮಾನದಲ್ಲಿ ಅಷ್ಟು ಉದ್ದದ ಸುಳ್ಳು ನಾನು ಇನ್ನೊಂದು ಹೇಳಿಲ್ಲ. ಅವರು ಎರಡು ಸಲ ಓದಿದರು.

"ಗಂಜಿ ಅಂದೇಳಿ ಅಚ್ಚ್ ಹಾಕಿರಾ?"

"ಹೌದ್."

"ಒಣ ಸಿಗ್ಡಿ ಚಟ್ನಿ ಅಂದೇಳೂ?"

"...ಹೌದ್."

ಹಾಳೆ ತಿರುಗಿಸಿದರು. "ಬೆನ್ನಂಗೆ ಎಂತದೂ ಇಲ್ಲ್ಯಾ?"

"ಬೆಲ್ಲ ಅಂಟಿತ್ತ್. ಓದುಕೆ ಆಯ್ಲಿಲ್ಲೆ."

ಅವರು ಎವೆಯಿಕ್ಕದೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅಚ್ಚಿನ ಪುಸ್ತಕದಲ್ಲಿ ಒಣ ಸಿಗಡಿ ಚಟ್ನಿ, ಕುರುಡನಿಗೂ ತಿಳಿಯುತ್ತಿತ್ತು! ಆದರೆ ಅವರು ಹೇಳಿದ್ದು ಇಷ್ಟೆ: "ತಿಳ್ದವ್ರ್ ಬರ್ದದ್ದ್. ಮಾಡ್ಕ್."

ಗುರುವಾರ ಬೆಳಿಗ್ಗೆ ಮೂರು ಬಟ್ಟಲು ಗಂಜಿ ಉಂಡು ಹೋದರು. ಅದರಲ್ಲಿ ನನ್ನ ಪಾಲೂ ಇತ್ತು ಎಂಬುದು ಪುಸ್ತಕದಲ್ಲಿ ಇರಲಿಲ್ಲ.

ಅಲ್ಲಿ ಆದದ್ದನ್ನು ಅವರು ಬಂದು ಹೇಳಿದಂತೆ ಹೇಳುತ್ತೇನೆ. ಎಂಟಕ್ಕೆ ಆರು ಜನ ಧಣಿಗಳ ಜಗಲಿಯಲ್ಲಿ ಕುಳಿತಿದ್ದರು. ಧಣಿಗಳೇ ಇಲ್ಲ! ದಾರಿಯಲ್ಲಿ ಅವರದೇ ಬಸ್ಸು ಹೊಗೆ ನಿಂತು ಮಲಗಿತ್ತು; ಎಬ್ಬಿಸಲು ಹೋಗಿದ್ದರು. ಹತ್ತಾಯಿತು. ಹನ್ನೊಂದಾಯಿತು. ಒಬ್ಬ ಗೊಣಗಿದ, ಒಬ್ಬ ಮನೆಯ ಆಳಿನ ಹತ್ತಿರ ಜಗಳ ತೆಗೆದ. ಮಧ್ಯಾಹ್ನಕ್ಕೆ ಒಬ್ಬೊಬ್ಬರಾಗಿ ಎದ್ದು ಊಟ ಹುಡುಕಿಕೊಂಡು ಪೇಟೆಯ ಕಡೆ ಹೋದರು. ಇವರು ಮಾತ್ರ ಕೂರಿಸಿದಲ್ಲಿ ಕೂತೇ ಇದ್ದರು. ಅಷ್ಟರಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಧಣಿಗಳು ಬಂದರು.

"ಉಳ್ದವ್ರೆಲ್ಲ ಎಲ್ಲಿ?"

"ಉಂಬುಕೆ ಹೋಯ್ರ್."

"ನೀ ಹೋಯ್ಲಿಲ್ಲ್ಯಾ?"

"ನಾ ಉಂಡ್ಕಂಡೇ ಬಂದದ್ದ್, ಧಣಿ."

"ಎಂಟ್ ಗಂಟಿಗೆ ಬಪ್ಪುಕೆ ಹೇಳ್ರೆ ಉಂಡ್ಕಂಡ್ ಬಂದ್ಯಾ!" ಧಣಿಗಳು ಮಸಿಯ ಮುಖದಲ್ಲೇ ನಕ್ಕರಂತೆ. "ನಮ್ಮ್ ಬಸ್ಸಿಗೆ ಹಿಂಗಿದ್ದವ್ನೇ ಬೇಕ್ ಮಾರಾಯ. ಯಾವಾಗ ಬತ್ತ್ ಅಂದೇಳಿ ದೇವ್ರಿಗೂ ಗೊತ್ತಿಲ್ಲೆ. ಕಾಯುಕೆ ಉಂಡ್ಕಂಡೇ ಕೂತ್ಕಣ್ಕ್!"

ಹೀಗೆ ನಿಮ್ಮ ಅಜ್ಜ ಬೈಂದೂರಿನ ಏಜೆಂಟರಾದರು. ಮುಂಬಯಿ ತಪ್ಪಿತು. ಮರುವಾರ ಹರಕೆ ತೀರಿಸುವುದೆಂದು ಒಬ್ಬರೇ ಕೊಲ್ಲೂರಿಗೆ ಹೋಗಿ ಬಂದರು. ಅವರು ಕೊಟ್ಟ ಪ್ರಸಾದ ಜೀರಿಗೆ ವಾಸನೆ ಹೊಡೆಯುತ್ತಿತ್ತು. ದೇವಿಗೆ ಈಗ ಜೀರಿಗೆಯೂ ಏರಿಸುತ್ತಾರೋ ಏನೋ ಎಂದುಕೊಂಡು ಕಣ್ಣಿಗೊತ್ತಿಕೊಂಡೆ!

ಆ ಹಾಳೆಗಳನ್ನೆಲ್ಲ ಅವರು ಗೋಣಿದಾರದಲ್ಲಿ ಹೊಲಿದು ಟ್ರಂಕಿನ ಅಡಿಯಲ್ಲಿ ಇಟ್ಟಿದ್ದರು. ಬೈಂದೂರಿನಲ್ಲಿ ಕೆಲಸ ಹುಡುಕಿಕೊಂಡು ಬಂದ ಹುಡುಗರಿಗೆಲ್ಲ 'ಮೊದ್ಲ್ ಉಣ್ಣ್' ಎನ್ನುತ್ತಿದ್ದರು. ಯಾವ ಪುಸ್ತಕದ ಮಾತು ಎಂದು ಕೇಳಿದರೆ 'ಭಾರಿ ದೊಡ್ಡ ಪುಸ್ತಕ' ಎನ್ನುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಕಟ್ಟನ್ನು ನಾನು ಬಿಚ್ಚಿರಲಿಲ್ಲ. ಹೋದ ತಿಂಗಳು ಟ್ರಂಕಿಗೆ ಒರಲೆ ಬಂದಿದೆಯೆಂದು ಬಿಸಿಲಿಗೆ ಹಾಕುವಾಗ ಬಿಚ್ಚಿದೆ. ಅರುವತ್ತೆರಡರ ಮುಂದೆ ನನ್ನ ಕಾಪಿ ಹಾಳೆ, ಅಚ್ಚಿನ ಹಾಳೆಗಳ ಸಾಲಿನಲ್ಲಿ, ಅಂಚು ಸಮ ಮಾಡಿ ಹೊಲಿದಿತ್ತು.

ಎಲ್ಲಕ್ಕಿಂತ ಕೊನೆಯಲ್ಲಿ, ತಲೆಕೆಳಗಾಗಿ, ಇನ್ನೊಂದು ಅರುವತ್ತಮೂರನೇ ಪುಟ. ಅಚ್ಚಿನದ್ದು. '...ಕಾಲಿನ ಬೂಟುಗಳು. ಅವು ಮುಖ ಕಾಣುವಷ್ಟು ಹೊಳೆಯುತ್ತಿರತಕ್ಕದ್ದು' ಎಂದು ಅದರಲ್ಲಿದೆ. ಪೈಮಾಮನಲ್ಲಿ ವಿಚಾರಿಸಿಕೊಂಡಿರಬೇಕು; ಬರಿಗಾಲಿನಲ್ಲಿ ಕೊಲ್ಲೂರಿಗೆ ನಡೆದು ಹೋಗಿ ಛತ್ರದ ಅಡಿಗೆ ಭಟ್ಟರಿಂದ ತಂದ ಹಾಳೆ. ಅದರ ಅಂಚಿನಲ್ಲಿ ಟಿಕೇಟು ಬರೆಯುವ ಪೆನ್ಸಿಲಿನಿಂದ ಅವರ ಅಕ್ಷರ: 'ಇದು ತಪ್ಪು ಪುಟ. ಸರಿಯಾದದ್ದು ಹಿಂದೆ ಇದೆ.'

ಇಷ್ಟು ವರ್ಷ ಒಂದು ಮಾತು ಆಡಲಿಲ್ಲ, ನೋಡಿ.

ನನ್ನ ಆ ಹಾಳೆಯ ಬೆನ್ನು ಇನ್ನೂ ಖಾಲಿಯೇ ಇದೆ. ಬೆಲ್ಲ ಅಂಟಿತ್ತು ಎಂದು ಸುಳ್ಳು ಹೇಳಿದ್ದೆನಲ್ಲ, ಆ ಜಾಗದಲ್ಲಿ ಇರಬೇಕಾದದ್ದು ಈ ಕಾಗದ, ಈಗ ಬರೆದಿದ್ದೇನೆ. ಇದನ್ನೂ ಅದೇ ಕಟ್ಟಿಗೆ, ಅರುವತ್ತಮೂರರ ಬೆನ್ನಿಗೆ ಸೇರಿಸಿ ಹೊಲಿದು ಇಡಿ, ಮಕ್ಕಳೇ. ಒರಲೆ ಬಾರದಂತೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ. ಯಾರು ಕೇಳಿದರೂ ಜೀರಿಗೆ ಕಟ್ಟಲು ಮಾತ್ರ ಕೊಡಬೇಡಿ.