ವೀರ್ಯ ಪರೀಕ್ಷೆ ಲ್ಯಾಬಿನಲ್ಲಿ ನನ್ನ ಕಾರುಬಾರು

ವಿಜಯನಗರದಲ್ಲಿ ಗಂಡಸರ ವೀರ್ಯ ಪರೀಕ್ಷೆ ಮಾಡೋ ಲ್ಯಾಬಿನ ಬಾಗಿಲಲ್ಲಿ ಕೂತವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ನಗುವೇ ಮೆಟ್ಟಿಲು ಹತ್ತಿಕೊಂಡು ಬರುತ್ತೆ. ನಾನು ಅಲ್ಲಿ ಅಟೆಂಡರು, ತಲೆ ನರೆತವನು ಅಂತ ಎಲ್ಲರಿಗೂ ತಾತ. ಅಕ್ಷರ ಕಲಿತಿದ್ದು ಬಸ್ಸಿನ ಬೋರ್ಡು ನೋಡಿ, ಆದರೆ ಆ ಲ್ಯಾಬು ನಿಂತಿರೋದೇ ನನ್ನಿಂದ. ಒಂದು ದಿನ ರಜ ಹಾಕಿದರೆ ಮೈಕ್ರೋಸ್ಕೋಪಿನ ದೀಪ ಮಂಕಾಗುತ್ತೆ. ಡಾಕ್ಟರ್ ಮೇಡಂ ಇದನ್ನ ಒಪ್ಪಲ್ಲ, ಪಾಪ, ಅವರಿಗೆ ಸಂಕೋಚ. ಈಗ ಹೇಳೋದು ನಾನು ಸೇರಿದ ಹೊಸದರಲ್ಲಿ ಒಂದೇ ಸಂಸಾರದ ದೆಸೆಯಿಂದ ಆದ ತಮಾಷೆಗಳು.

ಮಲ್ಲಿಗೆ ಪೆಟ್ಟಿಗೆ

ಕೆಂಗೇರಿಯಿಂದ ಒಬ್ಬ ಹೂವಿನ ವ್ಯಾಪಾರಿ, ಅವನ ಹೆಂಡತಿ, ಅವನ ತಾಯಿ ಬಂದರು. ಮಕ್ಕಳಾಗಿರಲಿಲ್ಲ. ಬೇರೆಲ್ಲೋ ಪರೀಕ್ಷೆ ಮಾಡಿಸಿದ್ದಕ್ಕೆ, ವೀರ್ಯಾಣು ಇವೆ ಆದರೆ ಒಂದೂ ಅಲ್ಲಾಡ್ತಿಲ್ಲ ಅಂತ ರಿಪೋರ್ಟು ಕೊಟ್ಟಿದ್ದರಂತೆ. ಹುಡುಗ ಮಾನಸ್ಥ. ಇಲ್ಲೂ ಹಂಗೇ ಬಂದರೆ ಹೆಂಡತಿನ ತವರಿಗೆ ಕಳಿಸಿ, ಬೇರೆ ಮದುವೆ ಮಾಡ್ಕೋ ಅಂದುಬಿಡೋದು ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದ. ನನ್ನ ಹತ್ತಿರ ಹೇಳಿದ. ನನ್ನ ಮುಖ ನೋಡಿದರೆ ಎಂಥವರೂ ಬಾಯಿ ಬಿಡ್ತಾರೆ. ಆ ಹೆಣ್ಣುಮಗಳು ಒಂದು ಮಾತೂ ಆಡದೆ ಅವನ ಅಂಗಿ ತೋಳು ಹಿಡಿದುಕೊಂಡು ನಿಂತಿದ್ದಳು.

ತಾಯಿ ಒಂದು ಥರ್ಮಾಕೋಲ್ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಬಾಳೆ ಎಲೆ, ಎಲೆ ಕೆಳಗೆ ಐಸು, ಐಸಿನ ಮಧ್ಯೆ ಮಗನ ಸ್ಯಾಂಪಲ್ ಡಬ್ಬಿ. ಮೇಡಂ ತಲೆ ಮೇಲೆ ಕೈ ಹೊತ್ತುಕೊಂಡರು. ಇದು ಮೈಯ ಬಿಸಿಯಲ್ಲೇ ಬೇಗ ಬಂದು ಸೇರಬೇಕಂತೆ, ತಣ್ಣಗಾದರೆ ಅವು ಮರಗಟ್ಟಿ ಹೋಗ್ತವಂತೆ. ಮೊದಲ ಸಲವೂ ಹಿಂಗೇ ತಗೊಂಡು ಹೋಗಿದ್ರಾ ಅಂತ ಕೇಳಿದರು.

ತಾಯಿಗೆ ಹೆಮ್ಮೆ. "ಮತ್ತೆ? ಮಾರ್ಕೆಟ್ಟಿಗೆ ಮಲ್ಲಿಗೇನೇ ಹಿಂಗೆ ಕಳಿಸ್ತೀವಿ, ವಂಶಾನ ಬಿಸಿಲಲ್ಲಿ ಕಳಿಸೋಕಾಗುತ್ತಾ ಮೇಡಂ?"

ಏರದ ಚುಕ್ಕಿ

ಇನ್ನೊಂದು ದಿನ ಬಂದು ಇಲ್ಲಿನ ರೂಮಲ್ಲೇ ಸ್ಯಾಂಪಲ್ ಕೊಡಿ ಅಂತ ಅವರನ್ನ ಕಳಿಸಿದ್ದಾಯ್ತು. ಅಷ್ಟರಲ್ಲಿ ನನ್ನದೊಂದು ಪ್ರತಾಪ ನಡೀತು.

ಲ್ಯಾಬಿನ ಗೋಡೆ ಮೇಲೆ ಒಂದು ಚಾರ್ಟು. ಎರಡು ಕೆಂಪು ಗೆರೆ, ಅದರ ನಡುವೆ ಸಾಲಾಗಿ ಚುಕ್ಕಿ. ಯಾರೋ ಒಬ್ಬ ಬಡಪಾಯಿಯ ವೀರ್ಯಾಣು ಲೆಕ್ಕ ಅಂತ ನಾನು ಅಂದುಕೊಂಡಿದ್ದೆ. ಎಷ್ಟು ಸಲ ಪರೀಕ್ಷೆ ಮಾಡಿದರೂ ಚುಕ್ಕಿ ಇದ್ದಲ್ಲೇ ಇರೋದು, ಮೇಲೇರ್ತಾನೇ ಇರಲಿಲ್ಲ. ಅವನ ಚುಕ್ಕಿ ಏರಲಿ ಅಂತ ಹೊಸಹಳ್ಳಿ ಗಣಪತಿಗೆ ತೆಂಗಿನಕಾಯಿ ಹರಕೆ ಹೊತ್ತೆ. ನನ್ನ ಹರಕೆ ಅಂದರೆ ದೇವರು ಊಟ ಬಿಟ್ಟು ಎದ್ದು ಬರ್ತಾನೆ. ಹೂವಿನವರು ಮತ್ತೆ ಬಂದ ದಿನವೇ ಚುಕ್ಕಿ ಕೆಂಪು ಗೆರೆ ದಾಟಿ ಮೇಲಕ್ಕೆ ನೆಗೆದಿತ್ತು. ನಾನು ಬೂಂದಿ ತಂದು ಎಲ್ಲರಿಗೂ ಹಂಚಿದೆ.

ಮೇಡಂ ಮುಖ ಮಾತ್ರ ಸುಟ್ಟ ಬದನೆಕಾಯಿ. "ತಾತ, ಅದು ಮನುಷ್ಯನ ಲೆಕ್ಕ ಅಲ್ಲ. ಎಷ್ಟಿದೆ ಅಂತ ಮೊದಲೇ ಗೊತ್ತಿರೋ ಸ್ಯಾಂಪಲ್ಲು. ನಾವು ಸರಿಯಾಗಿ ಎಣಿಸ್ತಿದೀವಾ ಅಂತ ನಮಗೆ ನಾವೇ ಇಟ್ಕೊಂಡಿರೋ ಪರೀಕ್ಷೆ. ಅದು ಏರಿದ್ರೆ ನಾವು ಫೇಲು."

ತಪ್ಪು ಸಿಗೋ ತನಕ ಯಾರ ಪರೀಕ್ಷೆನೂ ಇಲ್ಲ ಅಂದುಬಿಟ್ಟರು. ಹೂವಿನ ಹುಡುಗನ್ನೂ ವಾಪಸ್ ಕಳಿಸಿದರು. ಕೆಟ್ಟ ಸುದ್ದಿ ಹೇಳೋಕಾಗದೆ ಸಾಗಹಾಕ್ತಿದ್ದಾರೆ ಅಂತ ಅವನ ಮುಖ ಬಾಡಿಹೋಯ್ತು. ಕೊನೆಗೆ ನೋಡಿದರೆ, ಆ ಚಾರ್ಟಿನ ಸ್ಯಾಂಪಲ್ಲನ್ನ ಚೆನ್ನಾಗಿ ಕಲಕದೆ ಎಣಿಸಿದ್ದರಂತೆ. ಕಲಕಿ ಮತ್ತೆ ಎಣಿಸಿದರು, ಚುಕ್ಕಿ ಕೆಳಗಿಳಿದು ಗೆರೆಗಳ ನಡುವೆ ಕೂತಿತು. ಚುಕ್ಕಿ ಏರಿದ್ದು ಗಣಪತಿದೇ ಕೆಲಸ ಅಂತ ನಾನು ಈಗಲೂ ಹೇಳ್ತೀನಿ. ದೇವರಿಲ್ಲ ಅನ್ನೋ ಮೇಡಂ ಕೂಡ ಅವತ್ತು ಸಾಯಂಕಾಲ ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಯಾವುದಕ್ಕೂ ಆ ಹರಕೆ ವಾಪಸ್ ತಗೊಂಡ್ಬಿಡಿ ತಾತ."

ಜಗಳ ಬಿಡಿಸಿದ್ದು

ಮೂರನೇ ಸಲ ಹುಡುಗ ಲ್ಯಾಬಿನ ರೂಮಲ್ಲೇ ಸ್ಯಾಂಪಲ್ ಕೊಟ್ಟ. ಬಾಗಿಲಿಗೆ ನಾನೇ ಕಾವಲು, ಸೊಳ್ಳೆ ಕೂಡ ನನ್ನ ಕೇಳಿಕೊಂಡೇ ಹಾರಬೇಕು.

ನಮ್ಮಲ್ಲಿ ಇಬ್ಬರು ಟೆಕ್ನಿಷಿಯನ್ ಹೆಣ್ಣುಮಕ್ಕಳು ಒಂದೇ ಸ್ಯಾಂಪಲ್ಲನ್ನ ಬೇರೆ ಬೇರೆ ಎಣಿಸ್ತಾರೆ. ಒಬ್ಬರದು ಇನ್ನೊಬ್ಬರು ನೋಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಆಮೇಲೆ ಎರಡೂ ಲೆಕ್ಕ ತಾಳೆ ಆದರೇನೇ ರಿಪೋರ್ಟು. ಅದಕ್ಕೇ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಹುಡುಗನ ತಾಯಿ ಗಾಜಿನಲ್ಲಿ ಇಣುಕಿ ನೋಡಿದರು. ಆಯಮ್ಮ ತಮ್ಮ ಬೀದಿಯ ಜಗಳವನ್ನೆಲ್ಲ ಬಿಡಿಸೋರಂತೆ. ನಾನು ಕಾಫಿಗೆ ಅಂತ ಒಂದು ಗಳಿಗೆ ತಿರುಗಿದ್ದೇ ತಡ, ಒಳಗೆ ನುಗ್ಗಿದರು.

"ಏನ್ರಮ್ಮ, ಒಂದೇ ಕಡೆ ಅನ್ನ ತಿನ್ನೋರು, ಮಾತು ಬಿಟ್ರೆ ಆಗುತ್ತಾ? ನಿಮ್ಮ ಸಿಟ್ಟು ನನ್ನ ಮಗನ ಮೇಲೆ ತೀರಿಸ್ಕೋಬೇಡಿ" ಅಂತ ಇಬ್ಬರ ಮುಡಿಗೂ ಮಲ್ಲಿಗೆ ಮುಡಿಸಿ, ಕೈಗೆ ಕೈ ಸೇರಿಸೇಬಿಟ್ಟರು. ಇಬ್ಬರಿಗೂ ಲೆಕ್ಕ ತಪ್ಪಿಹೋಯ್ತು, ಮತ್ತೆ ಒಂದರಿಂದ ಶುರು. ಆಚೆ ಬಂದ ಆಯಮ್ಮ ನಿಟ್ಟುಸಿರು ಬಿಟ್ಟು ನನಗೆ ಹೇಳಿದ್ದು, "ಎಣಿಸೋದು ಹೆಂಗಾದ್ರೂ ಆಗ್ಲಿ ಯಜಮಾನ್ರೇ, ಹುಡುಗೀರು ಒಂದಾದ್ರಲ್ಲ!"

ತೆರೆ ಮೇಲೆ

ಎರಡು ಲೆಕ್ಕವೂ ತಾಳೆ ಆಯ್ತು. ಮೇಡಂ ಆಚೆ ಬಂದು, ಏನೂ ತೊಂದರೆ ಇಲ್ಲ, ಚೆನ್ನಾಗಿ ಓಡಾಡ್ತಿವೆ ಅಂದರು. ಹುಡುಗ ನಂಬಬೇಕಲ್ಲ? ಒಂದು ಕಡೆ ಅಲ್ಲಾಡ್ತಿಲ್ಲ ಅಂದರು, ಇನ್ನೊಂದು ಕಡೆ ವಾಪಸ್ ಕಳಿಸಿದರು, ಈಗ ಸರಿ ಇದೆ ಅಂತಾರೆ. "ಕಣ್ಣಾರೆ ನೋಡ್ಬೇಕು ಮೇಡಂ, ಇಲ್ದಿದ್ರೆ ಇವಳನ್ನ ನನ್ನ ಜೊತೆ ಕಟ್ಟಿಹಾಕೋಕೆ ಮನಸ್ಸು ಒಪ್ಪಲ್ಲ" ಅಂದ.

ಮೇಡಂ ಮೈಕ್ರೋಸ್ಕೋಪಿನಲ್ಲಿ ಕಾಣೋದನ್ನ ಟೀವಿ ಪರದೆಗೆ ಹಾಕಿದರು. ನಾನೂ ನೋಡಿದೆ. ಸಾಯಂಕಾಲ ಮಾಗಡಿ ರೋಡಲ್ಲಿ ಸಿಗ್ನಲ್ ಬಿಟ್ಟಾಗ ಬೈಕುಗಳು ನುಗ್ಗಲ್ವಾ, ಹಂಗೆ ನುಗ್ತಾ ಇದ್ದವು. ಅದರಲ್ಲೊಂದು ತಿರುಗಿ ನನಗೆ ನಮಸ್ಕಾರ ಹೊಡೀತು, ಆಣೆ ಮಾಡಿ ಹೇಳ್ತೀನಿ.

ಹುಡುಗ ಕುರ್ಚಿ ಮೇಲೆ ಕುಸಿದು, ಮುಖಕ್ಕೆ ಟವಲ್ ಒತ್ತಿಕೊಂಡು ಅತ್ತ. "ಎಲ್ಲಿಗೂ ಕಳಿಸಲ್ಲ ಕಣೇ" ಅಂದ. ತಾಯಿ ಪರದೆಗೆ ಕೈ ಮುಗಿದರು. ನನಗೂ ಎದೆ ಮೇಲಿನ ಅಕ್ಕಿ ಮೂಟೆ ಇಳಿಸಿದ ಹಾಗಾಯ್ತು.

ಅವತ್ತಿನ ತನಕ ಬಾಯೇ ಬಿಡದ ಆ ಹೆಣ್ಣುಮಗಳು ಅಂಗಿ ತೋಳು ಬಿಟ್ಟು, ಪರದೆ ಹತ್ತಿರ ಹೋಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ತುಂಬ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಇಷ್ಟೊಂದು ಜನ ಇದ್ಕೊಂಡು, ಒಬ್ಬರಾದ್ರೂ ಕೆಲಸಕ್ಕೆ ಬರಬಾರದಾಗಿತ್ತೇನ್ರೀ?"