ಮೇಷ್ಟ್ರು ಕಚ್ಚಿದ ಹಣ್ಣು

ಸುಂಕಪ್ಪ ಮೇಷ್ಟ್ರು ಆ ಪೇರಲಹಣ್ಣನ್ನು ಕಚ್ಚದೇ ಇದ್ದಿದ್ದರೆ ರಾಯಚೂರಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ.

ಅವರು ಮಾನ್ವಿಯವರು. ಮೈಸೂರಿನಲ್ಲಿ ಮಾತಿನ ಚಿಕಿತ್ಸೆಯನ್ನು ಕ್ರಮವಾಗಿ ಓದಿ ಬಂದು, ಬುದ್ಧಿಯ ಬೆಳವಣಿಗೆ ಬೇರೆ ಬಗೆಯದಾದ ಮಕ್ಕಳಿಗೆಂದು ರಾಯಚೂರಿನಲ್ಲಿದ್ದ ಸಣ್ಣ ಶಾಲೆಯೊಂದರಲ್ಲಿ ಮಾತು ಕಲಿಸುತ್ತಿದ್ದರು. ಎಂಬತ್ತರ ದಶಕದ ಆರಂಭ. ಇಂಥದೊಂದು ಹುದ್ದೆಯಿದೆ ಎಂಬುದೇ ಊರಿಗೆ ತಿಳಿದಿರಲಿಲ್ಲ. "ಮಾತು ಕಲಸಾಕೂ ಪಗಾರ ಕೊಡ್ತಾರೇನ್ರಿ?" ಎಂದು ಚಹದಂಗಡಿಯವನು ದಿನವೂ ಕೇಳುತ್ತಿದ್ದ. ಹುದ್ದೆ ತಾತ್ಕಾಲಿಕ. ಅದನ್ನು ಉಳಿಸಬೇಕೋ ತೆಗೆಯಬೇಕೋ ಎಂದು ನಿರ್ಧರಿಸಲು ಶಿಕ್ಷಣ ಖಾತೆಯ ಸಾಹೇಬರು ಶುಕ್ರವಾರ ಬರುವವರಿದ್ದರು.

ಮೇಷ್ಟ್ರ ಪಾಠದ ಕ್ರಮ ಸರಳ. ಮಗುವಿಗೆ ಇಷ್ಟವಾದದ್ದನ್ನು ಎದುರಿಗೆ ಹಿಡಿದು, ಅದು ಬಾಯಿಬಿಟ್ಟು ಕೇಳುವ ತನಕ ಸುಮ್ಮನೆ ಕಾಯುವುದು. ಗುರುವಾರ, ಬಳೆ ಮಾರುವ ಹೀರಾಬಿಯ ಮೊಮ್ಮಗ, ಆರು ವರ್ಷವಾದರೂ ಮಾತಾಡದಿದ್ದ ವಲಿ ಪಾಷಾ ಎದುರಿಗೆ ಕುಳಿತಿದ್ದ. ಹಣ್ಣು ರುಚಿಯಾಗಿದೆ ಎಂದು ತೋರಿಸಲು ಮೇಷ್ಟ್ರು ಒಂದು ಕಡೆ ಕಚ್ಚಿ, ಚಪ್ಪರಿಸಿ, ಕಾದರು. ವಲಿ ಕೈಚಾಚಿ "ದೇ" ಅಂದ. ಕೊಡು ಎಂಬುದಕ್ಕೆ ಅವನ ಮನೆಯಲ್ಲಿ ಆಡುವ ಮಾತು ಅದು. ಮೇಷ್ಟ್ರು ಕೊಟ್ಟರು. ಹುಡುಗ ತಿಂದ.

ತಿಂಗಳುಗಟ್ಟಲೆ ತೋರಿದ ತಾಳ್ಮೆ ಯಾರ ಕಣ್ಣಿಗೂ ಬೀಳಲಿಲ್ಲ. ಬಾಗಿಲಲ್ಲಿ ನಿಂತ ಹೀರಾಬಿಗೆ ಕಂಡದ್ದು ಇಷ್ಟೇ: ಮೇಷ್ಟ್ರ ಎಂಜಲು, ಹುಡುಗನ ಬಾಯಿ, ಮಾತು. ಯಾವುದು ಮೊದಲು ಯಾವುದು ಆಮೇಲೆ ಎಂಬ ವಿಚಾರ ಆಕೆಗೆ ಬೇಕಿರಲಿಲ್ಲ. ಗಿಳಿ ಕಚ್ಚಿದ ಹಣ್ಣು ತಿನ್ನಿಸಿದರೆ ಮಕ್ಕಳಿಗೆ ಮಾತು ಬರುತ್ತದೆಂದು ನಂಬಿದ ನಾಡು ಇದು. ಪಗಾರ ತೆಗೆದುಕೊಳ್ಳುವ ಗಿಳಿಯೇ ಸಿಕ್ಕರೆ ಬಿಟ್ಟಾರೆಯೇ? ಸಂಜೆಯ ಬಸ್ಸುಗಳಲ್ಲಿ ಆ ಸುದ್ದಿ ದೇವದುರ್ಗಕ್ಕೂ ಮಾನ್ವಿಗೂ ಹೋಯಿತು.

ಶುಕ್ರವಾರ ಮೇಷ್ಟ್ರು ಸೈಕಲ್ ಇಳಿಯುವಷ್ಟರಲ್ಲಿ ಶಾಲೆಯ ಅಂಗಳ ಹಣ್ಣಿನ ಸಂತೆಯಾಗಿತ್ತು. ಆಯಾ ಅಯ್ಯಮ್ಮ ಜನರನ್ನು ಸಾಲಾಗಿ ಕೂರಿಸಿ ಕಾನೂನು ಹೇಳುತ್ತಿದ್ದಳು.

"ಒಂದು ಕೂಸಿಗೆ ಒಂದ ಹಣ್ಣು. ತೊಳದು ಕೊಡ್ರಿ. ಹುಳಿ ತರಬ್ಯಾಡ್ರಿ, ಸರ್ ಹಲ್ಲು ಜುಮ್ ಅಂತಾವ."

"ಏನಿದು ಅಯ್ಯಮ್ಮಾ?"

"ನಿಮ್ಮ ಗಿರಾಕಿಗೋಳ್ರಿ ಸರ. ಇಷ್ಟು ದಿನ ಖಾಲಿ ಕುಂತಿದ್ರಿ, ಈಗ ನೋಡ್ರಿ."

ಮೇಷ್ಟ್ರು ಮೆಟ್ಟಿಲೇರಿ ನಿಂತರು. "ಎಂಜಲ್ದಾಗ ಏನೂ ಇಲ್ಲ. ಕೂಸು ಕೇಳೋತನ ಕಾಯಬೇಕು. ದಿನಾ ಕರಕೊಂಡು ಬರ್ರಿ, ನಾ ಕಲಸ್ತೀನಿ."

"ದಿನಾ ಬರಾಕ ನಮಗ ಕೂಲಿ ನಾಲಿ ಇಲ್ಲೇನ್ರಿ?" ಎಂದಳು ಕವಿತಾಳದಿಂದ ಮಗಳನ್ನು ಹೊತ್ತು ಬಂದಿದ್ದ ಜಂಬಮ್ಮ. "ಒಂದು ಸಲ ಕಡದು ಕೊಟ್ರ ನಿಮ್ಮ ಹಲ್ಲೇನು ಸವಿತಾವ?"

"ನಾ ಓದಿ ಬಂದೀನವ್ವಾ."

"ಓದಿದವ್ರ ಎಂಜಲಕ್ಕ ಶಕ್ತಿ ಇನ್ನೂ ಭಾಳ," ಎಂದ ದೇವದುರ್ಗದ ಉರುಕುಂದಪ್ಪ. ಅವನ ಜೊತೆ ಮಗುವೇ ಇರಲಿಲ್ಲ. "ನಮ್ಮ ಮಾವಗ ಮಾತು ಭಾಳ ಅದರಿ ಸರ. ಕಡಿಮಿ ಮಾಡಾಕ ಏನು ತರಬೇಕು?"

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಪಾರ್ವತೆಮ್ಮನವರು ಬಂದು ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದರು. "ಸಾಹೇಬ್ರು ಬರೋದ್ರಾಗ ಇವ್ರು ಹೋಗಿರಬೇಕು, ಸುಂಕಪ್ಪನೋರ. ಇಲ್ಲಂದ್ರ ನಿಮ್ಮ ಹುದ್ದಿ ಹೋತಂತ ತಿಳ್ಕೋರಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಬೇಕಾದ್ರ ಲಗುಲಗು ಕಡದು ಕಳಸಿಬಿಡ್ರಿ."

ಪ್ರಯೋಗದಿಂದಲೇ ಜನರ ಕಣ್ಣು ತೆರೆಸಬೇಕೆಂದು ಮೇಷ್ಟ್ರು ನಿಶ್ಚಯಿಸಿದರು. ಜಂಬಮ್ಮನ ಮಗಳ ಎದುರು ಮೊಣಕಾಲೂರಿ, ಬಾಯಿ ಅಗಲಿಸಿ "ಆ" ಎಂದರು. ಮಗು ಅವರ ತುಟಿಗಳನ್ನೇ ದಿಟ್ಟಿಸಿತು. ಅದರ ಪುಟ್ಟ ತುಟಿಗಳೂ ಅಲುಗಿದವು. ಮೇಷ್ಟ್ರ ಬಾಯಿ ತನಗಾಗಿಯೇ ತೆರೆದಿದೆ ಎಂದು ತಿಳಿದ ಜಂಬಮ್ಮ, ಸುಲಿದ ಬಾಳೆಹಣ್ಣನ್ನು ಅದರೊಳಕ್ಕೆ ಇಳಿಸಿಯೇಬಿಟ್ಟಳು.

"ಉಗಳಬ್ಯಾಡ್ರಿ ಸರ, ಕೂಸು ಹೆದರ್ತದ," ಎಂದು ಅಯ್ಯಮ್ಮ ಅವರ ಗದ್ದ ಹಿಡಿದಳು.

ಮಗು ಗಟ್ಟಿಯಾಗಿ ನಕ್ಕಿತು. ಅಷ್ಟು ಸಾಕಾಯಿತು. ಕಣದ ರಾಶಿಗೆ ಎರಗುವ ಗುಬ್ಬಿಗಳಂತೆ ಸಾಲು ಮುರಿದು ಎಲ್ಲ ಹಣ್ಣುಗಳೂ ಮೇಷ್ಟ್ರ ಮುಖದ ಕಡೆ ಬಂದವು. ಆ ಹೊತ್ತಿಗೇ ಜೀಪೂ ಬಂತು.

"ಇಲ್ಲಿ ಮಾತು ಕಲಸೋರು ಯಾರು?" ಎಂದರು ಸಾಹೇಬರು.

ಜನ ಬೆರಳು ತೋರಿದರು. ಮೇಷ್ಟ್ರು ಕೈಮುಗಿದು "ಉಂ" ಎಂದರು.

"ಮದಲು ಇವರಿಗೆ ಬರ್ತದೇನು ಮಾತು?"

ಅಯ್ಯಮ್ಮ ಹೆಮ್ಮೆಯಿಂದ ಎಲ್ಲವನ್ನೂ ವಿವರಿಸಿದಳು. ಸಾಹೇಬರ ಮೀಸೆ ನಡುಗಿತು. "ಕೂಸುಗೋಳಿಗೆ ಎಂಜಲು ತಿನ್ನಸಾಕ ನಾಚಿಕಿ ಆಗಂಗಿಲ್ಲ ನಿಮಗ? ಇದು ಸಾಲಿನೋ, ಮಂತ್ರದ ಕಟ್ಟಿನೋ? ನಡೀರಿ ಹೊರಗ." ಜನ ಹಣ್ಣುಗಳನ್ನು ಸೆರಗಿಗೆ, ರುಮಾಲಿಗೆ ಕಟ್ಟಿಕೊಂಡು ಹೊರಟರು. ಬಾಳೆಹಣ್ಣನ್ನು ನುಂಗಿದ ಮೇಷ್ಟ್ರ ಎದೆ ತುಂಬಿಬಂತು. ವಿದ್ಯೆಯ ಬೆಲೆ ತಿಳಿದವರು ಒಬ್ಬರಾದರೂ ಈ ಜಿಲ್ಲೆಯಲ್ಲಿ ಇದ್ದಾರಲ್ಲ.

ಸಾಹೇಬರು ಅವರನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಚೀಲ ಬಿಚ್ಚಿ, ನೇರಳೆ ಬಣ್ಣದ ಕಾಗದದಲ್ಲಿ ಸುತ್ತಿದ್ದ ಸೇಬೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಕಡೀರಿ."

"ಏನ್ರಿ ಸರ?"

"ನಮ್ಮ ಮೊಮ್ಮಗ ಇನ್ನೂ ಮಾತಾಡವಲ್ಲ. ನನಗೇನು ನಂಬಿಕಿ ಇಲ್ಲ. ಮನ್ಯಾಗ ಹೆಣ್ಣುಮಕ್ಕಳು ಕೇಳವಲ್ರು."

"ಅವನ್ನ ಇಲ್ಲಿಗೇ ಕರಕೊಂಡು ಬರ್ರಿ ಸರ. ಕಲಸ್ತೀನಿ."

"ನಮ್ಮ ಹುಡುಗ ಇಂಥಾ ಸಾಲಿಗೆ? ಮಂದಿ ಏನಂದಾರು? ಕಡೀರಿ. ನಿಮ್ಮ ಹುದ್ದಿ ಬಗ್ಗೆ ನಾ ಇನ್ನೂ ಬರೀಬೇಕಾಗ್ಯದ."

ಮೇಷ್ಟ್ರಿಗೆ ದಿಕ್ಕು ತೋಚಲಿಲ್ಲ. ಕಚ್ಚಿದರೆ ಕಲಿತ ವಿದ್ಯೆಗೆ ದ್ರೋಹ. ಕಚ್ಚದಿದ್ದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ವಲಿ ಪಾಷಾನಿಗೆ ಎರಡನೆಯ ಮಾತು ಕಲಿಸುವವರು ಯಾರು? ಆ ಹುಡುಗನ ಚಾಚಿದ ಕೈಯನ್ನು ನೆನೆದು, ಕಣ್ಣು ಮುಚ್ಚಿ, ಸೇಬಿನ ಅಂಚನ್ನು ಕಚ್ಚಿದರು.

"ಸಣ್ಣದಾತು. ಇನ್ನೊಂದೀಟು."

ಇನ್ನೊಂದಿಷ್ಟು ಕಚ್ಚಿದರು. ಸಾಹೇಬರು ಸೇಬನ್ನು ಜೋಪಾನವಾಗಿ ಸುತ್ತಿ ಚೀಲಕ್ಕಿಟ್ಟು, ಪೆನ್ನು ತೆಗೆದು, ಗಟ್ಟಿಯಾಗಿ ಓದುತ್ತಲೇ ಬರೆದರು: "ಸದರಿ ಶಿಕ್ಷಕರು ಎಂಜಲು ಹಣ್ಣು ನೀಡಿ ಮೌಢ್ಯ ಬೆಳೆಸುತ್ತಿರುವುದನ್ನು ಸ್ವತಃ ಕಣ್ಣಾರೆ ಕಂಡಿದ್ದೇನೆ. ಈ ಹುದ್ದೆಯ ಅವಶ್ಯಕತೆ ಇಲ್ಲ."

"ಸರ, ನೀವ ಕಡೀರಿ ಅಂದ್ರಿ..."

"ಪರೀಕ್ಷಾ ಮಾಡಿದೆ. ನೀವು ಫೇಲಾದ್ರಿ."

"ಹಂಗಾದ್ರ ಆ ಸೇಬು?"

"ಅದು ಸಾಕ್ಷಿ."

ಮೇಷ್ಟ್ರು ಅರ್ಥವಾಗದೆ ಜೀಪಿನ ತನಕ ಹಿಂದೆಯೇ ಹೋದರು. ಸಾಹೇಬರು ಚೀಲವನ್ನು ಎದೆಗವಚಿಕೊಂಡು ಕುಳಿತು ಡ್ರೈವರನಿಗೆ ಹೇಳುತ್ತಿದ್ದರು:

"ಆಫೀಸು ಆಮ್ಯಾಲ, ಮದಲು ಮನಿಗೆ ಹೊಡಿ. ಕಡದ ಜಾಗಾ ಕರ್ರಗಾಗೋದ್ರಾಗ ಕೂಸಿಗೆ ತಿನ್ನಸಬೇಕು."